ಮೂರು ಸಲ ಕೂಗಿದೆ, ಸ್ವಾಮಿ

ಕೋರ್ಟಿನ ಹಜಾರದ ಪಕ್ಕದಲ್ಲಿ ಗೋಡೆ ಕೊರೆಯುವ ಯಂತ್ರ ಎರಡು ದಿನದಿಂದ ಗರ್ರೆನ್ನುತ್ತಿತ್ತು. ಹೆಸರು ಕೂಗುವ ಜವಾನ ಅದಕ್ಕೆಲ್ಲ ಬಗ್ಗುವ ಆಸಾಮಿಯಲ್ಲ. ಇಪ್ಪತ್ತೆಂಟು ವರ್ಷದಿಂದ ಅದೇ ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರನ್ನು ಮೂರು ಮೂರು ಸಲ ಕೂಗಿ, ಯಾರೂ ಬಾರದಿದ್ದರೆ ಒಳಗೆ ತಿರುಗಿ, "ಮೂರು ಸಲ ಕೂಗಿದೆ, ಯಾರೂ ಬಂದಿಲ್ಲ ಸ್ವಾಮಿ" ಎಂದು ಒಪ್ಪಿಸುತ್ತಿದ್ದ. ಎಲ್ಲರೂ ಅವನನ್ನು ನಗಾರಿ ಎಂದೇ ಕರೆಯುತ್ತಿದ್ದರು. ಆ ಹೆಸರಿಗೆ ಕುಂದು ಬರಬಾರದೆಂದು ನಿನ್ನೆ ಇಡೀ ದಿನ ಯಂತ್ರದ ಜೊತೆ ಪೈಪೋಟಿಗೆ ಬಿದ್ದ. ಇವತ್ತು ಬೆಳಿಗ್ಗೆ ಹಾಲಿನವನಿಗೆ "ಬಂದೆ" ಎನ್ನಲು ಹೋದರೆ ಗಂಟಲಿನಿಂದ ತುಕ್ಕು ಹಿಡಿದ ಕೀಲಿನ ಸದ್ದು ಬಂತು.

ಡಾಕ್ಟರು ಬಾಯಿಗೆ ಟಾರ್ಚು ಬಿಟ್ಟು ನೋಡಿದರು.

"ಕೂಗಿ ಕೂಗಿ ಒಳಗೆ ಊದಿಕೊಂಡಿದೆ. ಮೂರು ದಿನ ಮಾತು ಬೇಡ. ಪಿಸುಗುಟ್ಟೋದಂತೂ ಬೇಡವೇ ಬೇಡ, ಅದು ಗಂಟಲಿಗೆ ಇನ್ನೂ ಕಷ್ಟ. ಸುಮ್ಮಸುಮ್ಮನೆ ಕೆಮ್ಮಿ ಕೆರೀಬೇಡಿ. ನೀರು ಕುಡೀತಾ ಇರಿ, ಹಬೆ ತಗೊಳ್ಳಿ. ಮೂರು ವಾರ ಆದ್ರೂ ಸರಿಹೋಗ್ಲಿಲ್ಲ ಅಂದ್ರೆ ಮತ್ತೆ ಬನ್ನಿ. ಮನೇಲೂ ಹೇಳಿಬಿಡಿ, ಯಾರೂ ನಿಮ್ಮನ್ನ ಮಾತಾಡಿಸಬಾರದು."

ಮನೆಯಲ್ಲಿ ಮಾತಾಡಿಸುವವರು ಯಾರೂ ಇಲ್ಲ ಎಂದು ಹೇಳಲು ನಗಾರಿಗೆ ದನಿ ಇರಲಿಲ್ಲ. ಸುಮ್ಮನೆ ತಲೆಯಾಡಿಸಿದ.

ಹೆಂಡತಿ ಮನೆ ಬಿಟ್ಟು ಎರಡು ವರ್ಷವಾಗಿತ್ತು. ಜಗಳವಿಲ್ಲ, ರಂಪವಿಲ್ಲ. ನಗಾರಿ ಕೋರ್ಟಿಗೆಂದು ಗಂಟಲನ್ನು ಜೋಪಾನ ಮಾಡುತ್ತ, ಮನೆಯಲ್ಲಿ ತುಟಿ ಬಿಚ್ಚುತ್ತಿರಲಿಲ್ಲ. ಚಮಚದಿಂದ ಲೋಟ ಕುಟ್ಟುತ್ತಿದ್ದ. ಒಂದು ಸಲ ಕುಟ್ಟಿದರೆ ನೀರು, ಎರಡು ಸಲ ಕುಟ್ಟಿದರೆ ಊಟ, ಮೂರು ಸಲ ಕುಟ್ಟಿದರೆ ದೀಪ ಆರಿಸು. ಇಪ್ಪತ್ತೆರಡು ವರ್ಷ ಆ ಸದ್ದಿಗೆ ಓಗೊಟ್ಟವಳು ಒಂದು ದಿನ ಲೋಟವನ್ನು ತೊಳೆದು ಬೋರಲು ಹಾಕಿ ಅಣ್ಣನ ಮನೆಗೆ ಹೊರಟುಹೋದಳು. ಆಮೇಲೆ ಮನೆಯಲ್ಲಿ ಎಷ್ಟು ಮೌನ ಬೇಕೋ ಅಷ್ಟು ಸಿಕ್ಕಿತು. ಅದು ತಿನ್ನುವ ಮೌನ ಎಂದು ನಗಾರಿಗೆ ತಿಳಿದಿರಲಿಲ್ಲ.

ವಿಚ್ಛೇದನ ಬೇಕೆಂದು ಅವಳು ಹಾಕಿದ ಅರ್ಜಿ ಇವನ ಕೋರ್ಟಿಗೇ ಬಂತು. ಹಿಂದಿನ ಎರಡು ವಾಯಿದೆಗೆ ಇವನು ರಜೆ ಹಾಕಿದ್ದ, ಬದಲಿ ಜವಾನ ಕೂಗಿದ್ದ, ಅವಳು ಬಂದಿರಲಿಲ್ಲ. ಇವತ್ತೂ ಬಾರದಿದ್ದರೆ ಅರ್ಜಿ ವಜಾ ಎಂದು ನ್ಯಾಯಾಧೀಶರು ಹೇಳಿದ್ದರು. ಬದಲಿ ಜವಾನ ಮದುವೆಗೆ ಹೋಗಿದ್ದರಿಂದ ಈ ಸಲ ತನ್ನ ಹೆಂಡತಿಯನ್ನು ತಾನೇ ಕೂಗಬೇಕು. ಡಾಕ್ಟರ ಮೆಟ್ಟಿಲಿಳಿಯುವಾಗ ನಗಾರಿಯ ತಲೆಯಲ್ಲಿ ಬೆಳಕು ಹರಿಯಿತು. ಕೂಗಿದ್ದು ಕೇಳಿಸದಿದ್ದರೆ ಅವಳು ಬರುವುದಿಲ್ಲ. ಅವಳು ಬಾರದಿದ್ದರೆ ಅರ್ಜಿ ಬಿತ್ತು. ಅರ್ಜಿ ಬಿದ್ದರೆ ಅವಳು ತನ್ನ ಹೆಂಡತಿಯಾಗಿಯೇ ಉಳಿಯುತ್ತಾಳೆ.

ಅಲ್ಲಿಂದ ಡಾಕ್ಟರು ಬೇಡ ಎಂದದ್ದನ್ನೆಲ್ಲ ಶ್ರದ್ಧೆಯಿಂದ ಮಾಡಿದ. ದಾರಿಯುದ್ದಕ್ಕೂ ಖೊಕ್ ಖೊಕ್ ಎಂದು ಗಂಟಲು ಕೆರೆದ. ಸೈಕಲ್ ನಿಲ್ಲಿಸುವ ಜಾಗದಲ್ಲಿ ಗೋಡೆಗೆ ಮುಖ ಮಾಡಿ ಹಳೆಯ ಕಕ್ಷಿದಾರರ ಹೆಸರನ್ನೆಲ್ಲ ಪಿಸುಗುಟ್ಟಿದ. ಒಂದು ತೊಟ್ಟು ನೀರು ಮುಟ್ಟಲಿಲ್ಲ.

ಕಚೇರಿಯವರು ಬಿಡಬೇಕಲ್ಲ. ಬೆಂಚ್ ಕ್ಲರ್ಕು ಬಾಯಿಗೆ ಲವಂಗ ತುರುಕಿದ. ಟೈಪಿಸ್ಟಮ್ಮ ಉಪ್ಪು ಹಾಕಿದ ಬಿಸಿನೀರು ತಂದು ಎದುರಿಗೇ ನಿಂತಳು.

"ಮುಕ್ಕಳಿಸಿ ಅಣ್ಣ. ನಮ್ಮ ಮಾವನಿಗೆ ಒಂದೇ ದಿನಕ್ಕೆ ಬಿಟ್ಟಿತು."

ಅವಳು ಆಚೆ ತಿರುಗಿದೊಡನೆ ನಗಾರಿ ಆ ನೀರನ್ನು ಕಿಟಕಿಯ ಪಕ್ಕದ ಹೂಕುಂಡಕ್ಕೆ ಸುರಿದ. ಟೈಪಿಸ್ಟಮ್ಮ ಅದನ್ನು ಕಿಟಕಿಯ ಗಾಜಿನಲ್ಲಿ ನೋಡಿದ್ದು ಇವನಿಗೆ ಗೊತ್ತಾಗಲಿಲ್ಲ.

ಮೊದಲ ಮೂರು ಕೇಸಿನವರು ಬಾಗಿಲಲ್ಲೇ ಮುತ್ತಿಕೊಂಡಿದ್ದರಿಂದ ಬಚಾವಾದ. ನಾಲ್ಕನೆಯದು ಅವನದು. ಹೊರಗೆ ಬಂದು ದೂರದ ಗೇಟಿನ ಕಡೆ ನೋಡಿದ. ಅವಳಿರಲಿಲ್ಲ. ಎದೆ ಹಗುರವಾಯಿತು. ಮೊದಲ ಸಲ ಅವಳ ಹೆಸರು ಗೊಗ್ಗರಾಗಿ ಬಂತು. ಎರಡನೆಯ ಸಲ ಬರೀ ಗಾಳಿ ಬಂತು. ಮೂರನೆಯ ಸಲ ತುಟಿ ಮಾತ್ರ ಅಲ್ಲಾಡಿತು. ಕೊರೆಯುವ ಯಂತ್ರ ಅದನ್ನೂ ನುಂಗಿತು. ಗೆದ್ದೆನೆಂದು ಒಳಗೆ ತಿರುಗುವಷ್ಟರಲ್ಲಿ ಬಾಗಿಲ ಪಕ್ಕದ ಬೆಂಚಿನಿಂದ, ಎರಡೇ ಮಾರು ದೂರದಲ್ಲಿ, ಅವಳು ಎದ್ದು ನಿಂತಳು. ಕೈಯಲ್ಲಿ ಬಿಸಿನೀರಿನ ಒಂದು ಫ್ಲಾಸ್ಕ್ ಇತ್ತು.

"ಇಲ್ಲೇ ಇದೀನಿ. ಗಂಟಲಿಗೆ ಏನಾಯ್ತು ನಿಮಗೆ?"

ಇವನು ಬಾಯಿ ತೆರೆಯುವ ಮೊದಲೇ ಟೈಪಿಸ್ಟಮ್ಮ ಹಾಜರಾದಳು. "ಅದನ್ನೇ ಕೇಳಿ ಅಮ್ಮ. ಬೆಳಿಗ್ಗೆಯಿಂದ ಬೇಕೂ ಅಂತ ಗಂಟಲು ಹಾಳು ಮಾಡ್ಕೋತಿದಾರೆ. ನಾನು ಕೊಟ್ಟ ನೀರು ಹೂಕುಂಡಕ್ಕೆ ಸುರಿದ್ರು. ಇವತ್ತಿನ ಕೇಸು ಯಾರದು ಅಂತ ಆಮೇಲೆ ನೋಡಿದೆ."

ಅವಳು ಫ್ಲಾಸ್ಕಿನ ಮುಚ್ಚಳ ಬಿಗಿ ಮಾಡುತ್ತ ಇವನ ಕಡೆ ತಿರುಗಿದಳು.

"ಹೋದ ಎರಡು ಸಲವೂ ಗೇಟಿನ ತನಕ ಬಂದಿದ್ದೆ. ಬೇರೆ ಯಾರೋ ಕೂಗಿದ್ರು, ವಾಪಸ್ ಹೋದೆ. ಊರವರನ್ನೆಲ್ಲ ಹೆಸರು ಹಿಡಿದು ಕರೀತೀರಿ, ನನ್ನನ್ನ ಒಂದು ದಿನ ಕರೀಲಿಲ್ಲ. ಇವತ್ತು ಸರ್ಕಾರದ ಆಜ್ಞೆ, ಮೂರು ಸಲ ಕೂಗ್ಲೇಬೇಕಲ್ಲ. ಅದನ್ನ ಕೇಳಿಸಿಕೊಂಡು ಅರ್ಜಿ ವಾಪಸ್ ತಗೊಳ್ಳೋಣ ಅಂತಿದ್ದೆ. ಅಷ್ಟಕ್ಕೂ ದನಿ ಉಳಿಸ್ಲಿಲ್ಲ ನೀವು."

ಫ್ಲಾಸ್ಕನ್ನು ಅವನ ಕೈಗಿಟ್ಟು ಒಳಗೆ ಹೋದಳು. ನ್ಯಾಯಾಧೀಶರು ಕೇಳಿದ್ದಕ್ಕೆ, "ಅರ್ಜಿಯಲ್ಲಿ ಬರೆದಿರೋದೇ ನನ್ನ ಮಾತು" ಎಂದಳು.

"ನಿನ್ನದೇನಾದರೂ ತಕರಾರು ಇದೆಯೇನಯ್ಯಾ?" ಎಂದು ಅವರು ನಗಾರಿಯನ್ನು ಕೇಳಿದರು.

ಇತ್ತು. ಎರಡು ವರ್ಷದ್ದು ಇತ್ತು, ಅದಕ್ಕೂ ಹಿಂದಿನ ಇಪ್ಪತ್ತೆರಡು ವರ್ಷದ್ದೂ ಇತ್ತು. ನಗಾರಿ ಬಾಯಿ ತೆರೆದ, ಏನೂ ಹೊರಡಲಿಲ್ಲ. ವಿಚ್ಛೇದನ ಬೇಡ ಬೇಡ ಎಂದು ಎರಡೂ ಕೈ ಜೋರಾಗಿ ಅಲ್ಲಾಡಿಸಿದ.

"ಏನೂ ಇಲ್ಲವಂತೆ ಸ್ವಾಮಿ," ಎಂದ ಬೆಂಚ್ ಕ್ಲರ್ಕು, ಪಾಪ, ಸ್ನೇಹಿತನಿಗೆ ಸಹಾಯವಾಗಲೆಂದು.

ಎದುರುದಾರರ ತಕರಾರು ಇಲ್ಲವೆಂದು ಬರೆದು, ಅರ್ಜಿ ಮಂಜೂರು ಮಾಡಿ, ನ್ಯಾಯಾಧೀಶರು ಐದನೆಯ ಕೇಸು ಕೂಗು ಎಂದರು.

ಸಂಜೆ ಮನೆಗೆ ಬಂದು ನಗಾರಿ ಡಾಕ್ಟರು ಹೇಳಿದಂತೆ ಹಬೆ ತೆಗೆದುಕೊಂಡ. ಫ್ಲಾಸ್ಕಿನ ನೀರು ಇನ್ನೂ ಬಿಸಿಯಿತ್ತು. ಗುಟುಕು ಗುಟುಕಾಗಿ ಅಷ್ಟನ್ನೂ ಕುಡಿದ. ಗಂಟಲು ಸಡಿಲವಾದಂತಾಯಿತು. ಅಡುಗೆಮನೆಯ ಬಾಗಿಲಲ್ಲಿ ನಿಂತು ಮೆಲ್ಲಗೆ ಅವಳ ಹೆಸರು ಹಿಡಿದು ಕರೆದ. ಒಡಕಾದರೂ ದನಿ ಬಂತು. ಎರಡನೆಯ ಸಲ ಇನ್ನೂ ಚೆನ್ನಾಗಿ ಬಂತು. ಮೂರನೆಯ ಸಲ ಅದು ಇಡೀ ಮನೆ ತುಂಬಿತು.

ರೂಢಿಯಂತೆ ಸ್ವಲ್ಪ ಹೊತ್ತು ಕಾದ. ಬೋರಲು ಹಾಕಿದ ಲೋಟದ ಕಡೆ ನೋಡಿದ. ಆಮೇಲೆ ಖಾಲಿ ಕೋಣೆಗೆ ತಿರುಗಿ, "ಮೂರು ಸಲ ಕೂಗಿದೆ, ಯಾರೂ ಬಂದಿಲ್ಲ ಸ್ವಾಮಿ" ಎಂದ.