ಮೇಸ್ತ್ರಿಯ ಚೊಕ್ಕ ಕಿವಿ

ಪರೀಕ್ಷೆಯ ದಿನವೇ ಮೇಸ್ತ್ರಿ ತಲೆಗೆ ನೀರು ಹಾಕಿಕೊಂಡದ್ದು ತಪ್ಪಾಯಿತು. ಬಲಗಿವಿ ಬಿರಡೆ ಬಡಿದ ಸೀಸೆಯಂತೆ ಮುಚ್ಚಿಕೊಂಡಿತು. ಎಡಗಿವಿಯಂತೂ ಎಂದಿನಿಂದಲೋ ಅರೆನಿದ್ದೆಯಲ್ಲಿತ್ತು.

ಬೇರೆಯವರಾಗಿದ್ದರೆ ಚಿಂತೆಯಿರಲಿಲ್ಲ. ಹೊಲಿಗೆ ಕಾರ್ಖಾನೆಯ ಯಂತ್ರಗಳಿಗೆ ಕಿವಿಯಾನಿಸಿ ರೋಗ ಹೇಳುವ ಇವನಿಗೆ ‘ಕಿವಿ ಮೇಸ್ತ್ರಿ’ ಎಂದೇ ಹೆಸರು. ಇಂದಿನ ಪರೀಕ್ಷೆಯೂ ಕಿವಿಯದೇ: ಮ್ಯಾನೇಜರು ಒಂದು ಯಂತ್ರದ ತಿರುಪನ್ನು ಗುಟ್ಟಾಗಿ ಸಡಿಲಿಸಿಡುತ್ತಾರೆ. ಸದ್ದಿನಿಂದಲೇ ಅದನ್ನು ಹಿಡಿದರೆ ಮುಖ್ಯ ಮೇಸ್ತ್ರಿಯ ಹುದ್ದೆ.

“ಬಿಸಿ ಎಣ್ಣೆ ಬಿಡ್ಲಾ?” ಎಂದು ಹೆಂಡತಿ ಕೂಗಿದಳು.

“ಭಾವ, ಅಲ್ಲಾಡ್ಬೇಡಿ,” ಎಂದು ಭಾವಮೈದುನ ಬಾವಿಗೆ ಬಿದ್ದ ಬಿಂದಿಗೆ ಎತ್ತುವವನ ಗತ್ತಿನಲ್ಲಿ ಹೇರ್‌ಪಿನ್ ಹಿಡಿದು ಬಂದ.

ಪಕ್ಕದ ಮನೆಯ ಗುಮಾಸ್ತರು ಗೋಡೆಯಾಚೆಯಿಂದ ಮೇಣದಬತ್ತಿ ಚಾಚಿದರು. “ಕಿವೀಲಿಟ್ಟು ಹಚ್ಚಪ್ಪ, ಗುಗ್ಗೆ ತಾನಾಗೇ ಎದ್ದು ಬರುತ್ತೆ.”

“ಕಿವಿ ಮೇಲೆ ಹೂ ಇಡೋರನ್ನ ಕಂಡಿದ್ದೆ ಸ್ವಾಮಿ, ದೀಪ ಹಚ್ಚೋರು ನೀವೇ ಮೊದಲು,” ಎಂದವನೇ ಮೇಸ್ತ್ರಿ ಕಿವಿಯ ಚಿಕಿತ್ಸಾಲಯಕ್ಕೆ ಓಟ ಕಿತ್ತ.

ಅಲ್ಲಿನ ತಜ್ಞೆ ದೀಪ ಬಿಟ್ಟು ನೋಡಿದಳು. “ಕಿವಿ ಸೋರುತ್ತಾ? ತಮಟೇಲಿ ತೂತು, ಆಪರೇಷನ್ನು, ಏನಾದ್ರೂ ಆಗಿದ್ಯಾ?”

“ಏನೂ ಇಲ್ಲಮ್ಮ.”

“ಹಾಗಾದ್ರೆ ಬೆಚ್ಚಗಿನ ನೀರು ಬಿಡಬಹುದು. ಅದೆಲ್ಲ ಇದ್ದೋರಿಗೆ ನೀರು ಕೂಡದು, ಸಣ್ಣ ನಳಿಕೇಲಿ ಹೀರಿ ತೆಗೀಬೇಕು. ದಿನಾ ಕಡ್ಡಿ ಹಾಕ್ತೀರಾ?”

“ಚೊಕ್ಕವಾಗಿರ್ಲಿ ಅಂತ.”

“ಚೊಕ್ಕ ಮಾಡಿಲ್ಲ ಸಾರ್, ಗುಗ್ಗೇನ ಒಳಕ್ಕೆ ತಳ್ಳಿ ದಿಮ್ಮಸು ಹಾಕಿದ್ದೀರಿ.”

ಬಲಗಿವಿಯಿಂದ ಕಡಲೆಕಾಳಿನಷ್ಟು ಗುಗ್ಗೆ ಬಂತು. ಎಡಗಿವಿಯಿಂದ ಯಾವ ಕಾಲದ್ದೋ ಹತ್ತಿ. ಬೀದಿಗಿಳಿದರೆ ಲೋಕವೇ ಹೊಸತು. ತನ್ನ ಚಪ್ಪಲಿಗೆ ಸದ್ದಿದೆಯೆಂಬುದೇ ಅವನಿಗೆ ಮರೆತುಹೋಗಿತ್ತು. ಅದನ್ನು ಕೇಳಲೆಂದೇ ತುಸು ಸುತ್ತುದಾರಿ ಹಿಡಿದು ಕಾರ್ಖಾನೆ ತಲುಪಿದ.

ಯಂತ್ರಗಳು ಓಡುತ್ತಿದ್ದವು. ಮೊದಲನೆಯದಕ್ಕೆ ಕಿವಿಗೊಟ್ಟು ಹುಬ್ಬೇರಿಸಿದ. ಎರಡನೆಯದಕ್ಕೆ ಹಲ್ಲು ಕಚ್ಚಿದ. ಸಾಲು ಮುಗಿಸುವಷ್ಟರಲ್ಲಿ ಮುಖ ಕೆಂಪೇರಿತ್ತು.

“ಸಾರ್, ಒಂದಲ್ಲ, ಎಲ್ಲವೂ ಕೆಟ್ಟಿವೆ. ಇದು ನರಳ್ತಿದೆ, ಅದು ಕೆಮ್ತಿದೆ, ಆ ಮೂಲೇದು ಇನ್ನೇನು ಪ್ರಾಣ ಬಿಡುತ್ತೆ. ಯಾವ ಪುಣ್ಯಾತ್ಮ ಸಾರ್ ಇಷ್ಟು ವರ್ಷ ಇವನ್ನ ನೋಡ್ಕೊಂಡಿದ್ದು?”

ಹೊಲಿಯುತ್ತಿದ್ದ ಕೈಗಳೆಲ್ಲ ನಿಂತವು. ಮ್ಯಾನೇಜರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ನೀನೇ ಅಲ್ವೇನಯ್ಯ?” ಎಂದರು, ಬಲು ಮೆಲ್ಲಗೆ.

ಮೇಸ್ತ್ರಿಗೆ ಆ ಮಾತು ಮೊದಲ ಸಲಕ್ಕೇ ಸ್ಪಷ್ಟವಾಗಿ ಕೇಳಿಸಿತು. ಹುದ್ದೆ ಬಂದ ದಾರಿಗೆ ಸುಂಕವಿಲ್ಲದೆ ಹಿಂತಿರುಗಿತು. ಅವನು ಮೊದಲನೆಯ ಯಂತ್ರದ ಮುಂದೆ ಕುಕ್ಕರಗಾಲಲ್ಲಿ ಕುಳಿತು ತಿರುಪು ತಿರುಗಿಸಿದ. ಏನೇ ಹೇಳಿ, ಅದರ ಕಿರ್‌ರೆಂಬ ಸದ್ದು ಇಂಪಾಗಿಯೇ ಇತ್ತು.