ಡಿಕ್ಸನ್ನನ ಬಂಗಲೆ, ನಮ್ಮ ಮನೆಯ ಫ್ರಿಜ್ಜು

ಸುಳ್ಳು ಅರ್ಜಿಯೊಂದು ನನ್ನ ಕಣ್ಣು ತಪ್ಪಿಸಿ ಹೋಗುವುದು ಸಾಧ್ಯವೇ ಇಲ್ಲ ಎಂದು ಮೊನ್ನೆ ಮೊನ್ನೆಯವರೆಗೂ ನಾನು ಎದೆತಟ್ಟಿ ಹೇಳುತ್ತಿದ್ದೆ. ಹುಮನಾಬಾದಿನ ಸರಕಾರಿ ಕಚೇರಿಯೊಂದರಲ್ಲಿ ಇಪ್ಪತ್ತಾರು ವರ್ಷಗಳಿಂದ ಆದಾಯ ಪ್ರಮಾಣಪತ್ರದ ಅರ್ಜಿಗಳನ್ನು ಪರಿಶೀಲಿಸುವ ಗುಮಾಸ್ತ ನಾನು, ಮಹಾರುದ್ರಪ್ಪ. ವರ್ಷದ ಆದಾಯ ಹನ್ನೊಂದು ಸಾವಿರ ಎಂದು ಬರೆದವನ ಕೈಗಡಿಯಾರ ನೋಡುತ್ತೇನೆ. ಭೂಮಿಯೇ ಇಲ್ಲ ಎಂದವನ ಚಪ್ಪಲಿಗೆ ಅಂಟಿದ ಕಬ್ಬಿನ ಹೊಲದ ಮಣ್ಣು ನೋಡುತ್ತೇನೆ. ನಾನು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದರೆ ಸಾಕು, ಹಳ್ಳಿಖೇಡದಿಂದ ಬಂದ, ಮೂರು ಟ್ರ್ಯಾಕ್ಟರ್ ಇರುವವನೂ ತಾನಾಗಿಯೇ ಅರ್ಜಿ ವಾಪಸ್ಸು ತೆಗೆದುಕೊಂಡು ಹೋಗುತ್ತಾನೆ. ಅನುಮಾನ ನನ್ನ ಕಸುಬು. ಅದಕ್ಕೇ ಸರಕಾರ ನನಗೆ ಸಂಬಳ ಕೊಡುವುದು.

ಇಂಥ ನನ್ನ ಮನೆಯಲ್ಲಿ, ಬಸವಕಲ್ಯಾಣದ ನಮ್ಮ ನಡುಮನೆಯಲ್ಲೇ, ಡಿಕ್ಸನ್ ಎಂಬ ಪರದೇಶಿ ಕಳ್ಳನೊಬ್ಬ ಬಂದು ಸೇರಿಕೊಂಡಿದ್ದ. ಎಂ.ಕಾಂ. ಓದುವ ಮಗಳು ಜಯಮಾಲಾ ಸಂಜೆಯಾದರೆ ಕಂಪ್ಯೂಟರಿನ ಮುಂದೆ ಕುಳಿತು ಅವನನ್ನು ಆಡಿಸುತ್ತಿದ್ದಳು. ಆಟ ಶುರುವಾಗುವಾಗ ಡಿಕ್ಸನ್ ಜೈಲಿನಿಂದ ಹೊರಗೆ ಬರುತ್ತಾನೆ, ಕಾಲಲ್ಲಿ ಹರಿದ ಬೂಟು. ನಾನು ಚಹಾ ಕುಡಿದು ಮುಗಿಸುವಷ್ಟರಲ್ಲಿ ಸಮುದ್ರದ ದಂಡೆಯ ಬಂಗಲೆಯ ಬಾಗಿಲು ತೆರೆದು ಒಳಗೆ ಹೋಗುತ್ತಿದ್ದ.

"ಈ ಬಂಗ್ಲಾ ಯಾರ್ದು?" ಎಂದೆ.

"ಅವಂದೇ, ಅಪ್ಪಾ. ಈಗ ತಗೊಂಡ."

"ರೊಕ್ಕ ಎಲ್ಲಿಂದ ಬಂತು?"

"ಮಿಷನ್ ಮುಗಿಸಿದ್ರ ಬರ್ತದ."

"ಯಾರು ಕೊಡ್ತಾರ? ಯಾವ ಖಾತಿಗೆ?"

"ಗೇಮ್ ಅಪ್ಪಾ ಅದು. ಹಂಗೇ ಬರ್ತದ."

"ಹಂಗೇ ಹ್ಯಾಂಗ ಬರ್ತದ? ನಮ್ಮ ಆಫೀಸಿಗೆ ಒಂದು ಅರ್ಜಿ ಹಾಕು ಅನ್ನು ಅವಂಗ."

ಆ ಕ್ಷಣದಲ್ಲೇ ನಾನು ಪಣ ತೊಟ್ಟೆ. ಈ ಡಿಕ್ಸನ್ನನ ಸಂಪತ್ತಿನ ಮೂಲ ಬಯಲಿಗೆಳೆಯುವವರೆಗೆ ನನಗೆ ವಿಶ್ರಾಂತಿಯಿಲ್ಲ! ಹಳೆಯ ರಟ್ಟಿನ ಫೈಲೊಂದನ್ನು ಹುಡುಕಿ ತೆಗೆದೆ. ಮೇಲೆ ದಪ್ಪ ಅಕ್ಷರದಲ್ಲಿ ಬರೆದೆ: ಹೆಸರು, ಡಿಕ್ಸನ್. ತಂದೆಯ ಹೆಸರು, ತಿಳಿದಿಲ್ಲ. ಉದ್ಯೋಗ, ಇಲ್ಲ. ಮನೆಗಳು, ನಾಲ್ಕು. ಕಾರುಗಳು, ಒಂಬತ್ತು.

ಎಂಟು ಸಂಜೆ ಮಗಳ ಬೆನ್ನ ಹಿಂದೆ ಕುರ್ಚಿ ಹಾಕಿಕೊಂಡು ಕುಳಿತೆ. ಒಂದೊಂದು ಸಂಜೆಗೂ ಒಂದೊಂದು ಆಕ್ಷೇಪಣೆ. ಎರಡನೆಯ ಅಧ್ಯಾಯದಲ್ಲಿ ಗುಂಡು ತಿಂದು ಸತ್ತ ಅವನ ಗೆಳೆಯ ಐದನೆಯ ಅಧ್ಯಾಯದಲ್ಲಿ ಲಾರಿ ಓಡಿಸಿಕೊಂಡು ಬಂದ. ಮರಣ ಪ್ರಮಾಣಪತ್ರ ರದ್ದಾಯಿತೇ, ಯಾರು ಮಾಡಿದರು, ಒಂದು ಮಾತಿಲ್ಲ. ಬ್ಯಾಂಕಿಗೆ ನುಗ್ಗಿದ ಕಾರಿಗೆ ಹಸಿರು ಬಣ್ಣ ಬಳಿದ ಕೂಡಲೇ ಊರಿನ ಪೊಲೀಸರಿಗೆಲ್ಲ ಮರೆವು ಬಂತು. ಬಂಗಲೆಯಲ್ಲಿ ಹಗಲಿಡೀ ಅಷ್ಟು ದೀಪ ಉರಿಯುತ್ತವೆ, ಕರೆಂಟಿನವನು ಒಮ್ಮೆಯೂ ಮೀಟರು ನೋಡಲು ಬರಲಿಲ್ಲ. ಅಲಮಾರಿಯಲ್ಲಿ ಮೂವತ್ತು ಸೂಟು. ಇಸ್ತ್ರಿ ಮಾಡುವವರು ಯಾರು? ಬರೆದುಕೊಂಡೆ.

"ಊಟಕ್ಕ ಬರ್ರಿ," ಎಂದು ಅಡುಗೆಮನೆಯಿಂದ ನನ್ನ ಹೆಂಡತಿ ವಿದ್ಯಾವತಿ ಕೂಗುತ್ತಿದ್ದಳು. "ಆ ಮನಷ್ಯಾ ಎಲ್ಲಿ ಓಡಿ ಹೋಗ್ತಾನ?"

"ಅವನ ರೊಕ್ಕದ ಮೂಲ ಹುಡಕಾಕತ್ತೇನಿ."

"ಹುಡುಕ್ರಿ, ಹುಡುಕ್ರಿ. ರೊಟ್ಟಿ ಆರ್ತಾವ."

ಒಂಬತ್ತನೆಯ ಸಂಜೆ ಡಿಕ್ಸನ್ ಹೆಲಿಕಾಪ್ಟರ್ ಕೊಂಡ. ನಾನು ಎದ್ದು ನಿಂತು, "ಇದರ ರಸೀದಿ?" ಎಂದೆ. ಜಯಮಾಲಾ ಆಟ ನಿಲ್ಲಿಸಿ ಕುರ್ಚಿಯನ್ನು ನನ್ನ ಕಡೆ ತಿರುಗಿಸಿದಳು.

"ಅಪ್ಪಾ, ಅವಂದು ಬಿಡ್ರಿ. ಈ ಕಂಪ್ಯೂಟರ್ ಎಲ್ಲಿಂದ ಬಂತು, ಅದ್ರದೊಂದು ಫೈಲ್ ಮಾಡ್ರಿ ನೋಡೋಣ."

ನಾನು ನಗಲು ಬಾಯಿ ತೆರೆದೆ. ನಗು ಬರಲಿಲ್ಲ. ಹೌದಲ್ಲ, ಎಲ್ಲಿಂದ ಬಂತು? ನಾನಂತೂ ತಂದಿಲ್ಲ. ಕಣ್ಣು ಮೆಲ್ಲಗೆ ಮನೆಯೊಳಗೆಲ್ಲ ಹರಿಯಿತು. ಎರಡು ಬಾಗಿಲಿನ ಫ್ರಿಜ್ಜು. ಅಂಗಳದಲ್ಲಿ ಮಗಳ ಸ್ಕೂಟಿ. ವಿದ್ಯಾವತಿಯ ಕೈಯಲ್ಲಿ ಹೊಸ ಬಳೆ. ಮೇಲೆ ಎರಡು ಕೋಣೆಯ ಮಹಡಿ, ಅದಕ್ಕೆ ಹಂಚಿನ ಬಣ್ಣದ ತಗಡಿನ ಪತ್ರಾಸು. ನನ್ನ ಸಂಬಳ ಕೈಗೆ ಬರುವಷ್ಟರಲ್ಲಿ ಕಡಿತಗಳಿಂದ ಸೊರಗಿ ಬರುವ ಕೂಸು. ಆದರೂ ಇದೆಲ್ಲ ನನ್ನ ಮಿತವ್ಯಯದಿಂದ ಆದದ್ದು ಎಂದು ನಾಲ್ಕು ವರ್ಷದಿಂದ ನಂಬಿಕೊಂಡಿದ್ದೆ. ಹಳೆಯ ಲಕೋಟೆಯನ್ನು ಮಗುಚಿ ಬಳಸುವವನ ಮನೆಗೆ ಫ್ರಿಜ್ಜು ತಾನಾಗಿ ನಡೆದು ಬರುತ್ತದೆ ಎಂಬ ಭ್ರಮೆ.

ಡಿಕ್ಸನ್ನನಿಗೇನು, ಅವನನ್ನು ಕೇಳುವವರಿಲ್ಲ. ನಾನು ಸರಕಾರಿ ನೌಕರ! ವರ್ಷಕ್ಕೊಮ್ಮೆ ಆಸ್ತಿ ವಿವರ ಬರೆದುಕೊಡಬೇಕಾದವನು. ಇಪ್ಪತ್ತಾರು ವರ್ಷ ಯಾರದೂ ಒಂದು ಚಹಾ ಸಹ ಕುಡಿಯದವನ ಮನೆಯ ಮೇಲೆ ನಾಳೆ ದಾಳಿಯಾದರೆ? ಟಿವಿಯವರು ನಮ್ಮ ಫ್ರಿಜ್ಜಿನ ಎರಡೂ ಬಾಗಿಲು ತೆರೆದು ಊರಿಗೆಲ್ಲ ತೋರಿಸಿದರೆ? ನಾನು ಏನೆಂದು ಹೇಳಲಿ, ಹಂಗೇ ಬರ್ತದ ಅನ್ನಲೇ?

ಹೆಂಡತಿಯನ್ನೇ ನೇರವಾಗಿ ಕೇಳಬಹುದಿತ್ತಲ್ಲ ಎಂದು ನೀವು ಅನ್ನಬಹುದು. ನೇರವಾಗಿ ಕೇಳುವುದು ಅನುಮಾನಕ್ಕೆ ಮಾಡುವ ಅವಮಾನ. ನಾನು ಎದುರು ಮನೆಯ ಆಟೋ ಏಜಾಜ್‌ನನ್ನು ಹಿಡಿದೆ.

"ಏಜಾಜ್, ನಾನು ಆಫೀಸಿಗೆ ಹೋದ ಮ್ಯಾಲ ನಮ್ಮ ಮನಿಗೆ ಯಾರರೆ ಬರ್ತಾರೇನು?"

"ದಿನಾ ಹನ್ನೊಂದಕ್ಕ ಒಂದು ಟಂಟಂ ಗಾಡಿ ಬರ್ತದಲ್ರಿ ಸಾಬ್. ಬಿಳಿ ಬಟ್ಟ್ಯಾಗ ನಾಕು ದೊಡ್ಡ ಗಂಟು ಹೇರ್ಕೊಂಡು ಹುಮನಾಬಾದ್ ಕಡಿ ಹೋಗ್ತದ." ಅವನು ನನ್ನನ್ನು ವಿಚಿತ್ರವಾಗಿ ನೋಡಿದ. "ನೀವು ಮಜಾಕ್ ಮಾಡಾಕತ್ತೀರೋ, ಖರೇನೇ ಕೇಳಾಕತ್ತೀರೋ?"

ಗಂಟಿನಲ್ಲಿ ಏನಿದೆ ಎಂದು ನಾನು ಕೇಳಲಿಲ್ಲ. ಕೇಳಿದರೆ ಅವನಿಗೆ ನನ್ನ ತನಿಖೆಯ ಸುಳಿವು ಸಿಗುತ್ತಿತ್ತು.

ಮರುದಿನ ರಜೆ ಹಾಕಿದೆ. ಎಂದಿನಂತೆ ಎಂಟಕ್ಕೆ ಮನೆ ಬಿಟ್ಟು, ಬಸ್ ಸ್ಟ್ಯಾಂಡಿನಲ್ಲಿ ಎರಡೂವರೆ ತಾಸು ಕುಳಿತು, ಹನ್ನೊಂದಕ್ಕೆ ಏಜಾಜ್‌ನ ಆಟೋದ ಹಿಂದಿನ ಸೀಟಿನಲ್ಲಿ ಟವೆಲ್ಲು ಮುಸುಕು ಹಾಕಿಕೊಂಡು ಅಡಗಿದೆ. ಟಂಟಂ ಬಂತು. ಬಿಳಿಯ ಗಂಟುಗಳನ್ನು ಹೇರಿದರು. ಹೊರಟಿತು.

"ಅದರ ಹಿಂದ ಬಿಡು, ಏಜಾಜ್. ಅವಂಗ ಗೊತ್ತಾಗಬಾರ್ದು."

ಡಿಕ್ಸನ್ನನ ಆಟದಲ್ಲಿ ಇಂಥ ಹೊತ್ತಿಗೆ ಕಾರುಗಳು ಗಾಳಿಯಲ್ಲಿ ಹಾರುತ್ತವೆ. ನಮ್ಮ ಆಟೋ ಸಸ್ತಾಪುರ ಬಂಗ್ಲಾ ಕ್ರಾಸ್ ದಾಟಿ ಹೆದ್ದಾರಿ ಹತ್ತುವುದರೊಳಗೆ ಒಂದು ಸೈಕಲ್ಲು ನಮ್ಮನ್ನು ಹಿಂದೆ ಹಾಕಿತು. ರಾಜೇಶ್ವರದಲ್ಲಿ ಟಂಟಂ ಚಹಾಕ್ಕೆ ನಿಂತಿತು. ಏಜಾಜ್ ಸಹ ನಿಲ್ಲಿಸಿದ.

"ಯಾಕ ನಿಲ್ಸಿದಿ?"

"ಹಿಂದ ಬಿಡು ಅಂದ್ರಿ. ಅಂವ ನಿಂತ್ರ ನಾ ಹ್ಯಾಂಗ ಮುಂದ ಹೋಗ್ಲಿ?" ಎಂದು ಇಳಿದು ಹೋಗಿ, ಟಂಟಂ ಓಡಿಸುವ ನರಸಿಂಗನ ಹೆಗಲ ಮೇಲೆ ಕೈ ಹಾಕಿ ಚಹಾ ಕುಡಿದ. ಮುಸುಕಿನ ಸಂದಿಯಿಂದ ನೋಡಿದೆ. ಇಬ್ಬರೂ ನನ್ನ ಕಡೆ ನೋಡಿ ನಗುತ್ತಿದ್ದರು. ಸ್ವಲ್ಪ ಹೊತ್ತಿಗೆ ನರಸಿಂಗನೇ ಒಂದು ಕಪ್ಪು ತಂದು ಆಟೋದೊಳಗೆ ಚಾಚಿದ. "ತಗೋರಿ ಸಾಹೇಬ್ರ. ಉಸಿರು ಕಟ್ಟೀತು, ಟವೆಲ್ ತಗೀರಿ." ಇಪ್ಪತ್ತಾರು ವರ್ಷದ ವ್ರತ ಮುರಿದು ಆ ಚಹಾ ಕುಡಿದೆ.

ಟಂಟಂ ಹೋಗಿ ನಿಂತದ್ದು ಹುಮನಾಬಾದಿನ ಹೊರಗೆ, ಹೆದ್ದಾರಿಯ ಬಂಡೆಪ್ಪನ ಧಾಬಾದ ಮುಂದೆ. ಓದುಗರೇ, ಅದು ನಾನು ನಾಲ್ಕು ವರ್ಷದಿಂದ ದಿನಾ ಮಧ್ಯಾಹ್ನ ಊಟ ಮಾಡುವ ಜಾಗ! ನನ್ನ ರಕ್ತ ಕುದಿಯಿತು. ನನಗೆ ಅನ್ನ ಹಾಕುವ ಕೈಯೇ ಈ ಜಾಲದಲ್ಲಿದೆಯೇ? ಬಂಡೆಪ್ಪ ಮೊದಲ ಗಂಟಿಗೆ ಕೈ ಹಾಕಿದ್ದ. ನಾನು ಆಟೋದಿಂದ ಜಿಗಿದೆ.

"ಕೈ ತಗಿ ಬಂಡೆಪ್ಪಾ! ಈ ಮಾಲ್ ಯಾರ್ದು? ಬಿಲ್ ಎಲ್ಲಿ ಅದ? ಯಾರ ಹೆಸರಿಗೆ ಅದ?"

ಕಚೇರಿಯ ಗಂಟಲು, ಧಾಬಾದ ತುಂಬ ಕೇಳಿತು. ಉಣ್ಣುತ್ತಿದ್ದ ಲಾರಿಯವರು ತಟ್ಟೆ ಬಿಟ್ಟು ಎದ್ದರು. ಇಬ್ಬರು ಕೈ ಸಹ ತೊಳೆಯದೆ ಲಾರಿ ಹತ್ತಿದರು. ಬಂಡೆಪ್ಪ ಎರಡೂ ಕೈ ಮೇಲೆತ್ತಿದ.

"ನಂದಲ್ರಿ ಸಾಹೇಬ್ರ. ನಾ ಮುಟ್ಟೇ ಇಲ್ಲ. ಇವತ್ತು ಚೆಕಿಂಗ್ ಅದ ಅಂತ ಮೊದ್ಲೇ ಒಂದು ಮಾತು ಹೇಳಬಾರ್ದೇನ್ರಿ? ಏ ನರಸಿಂಗಾ, ವಾಪಸ್ ಒಯ್ಯಪ್ಪಾ ಇದನ್ನ."

"ಎಲ್ಲಿಗೂ ಒಯ್ಯಂಗಿಲ್ಲ. ಬಿಚ್ಚು," ಎಂದೆ.

ನರಸಿಂಗ ಬಿಚ್ಚಿದ. ಬಿಳಿ ಬಟ್ಟೆಯೊಳಗಿಂದ ಹಬೆಯೆದ್ದಿತು. ಜೋಳದ ರೊಟ್ಟಿ! ಒಂದರ ಮೇಲೊಂದು ನೂರು, ಇನ್ನೊಂದು ಗಂಟಿನಲ್ಲಿ ಮತ್ತೆ ನೂರು, ಕಾಗದದಷ್ಟು ತೆಳ್ಳಗೆ, ಅಂಚು ಸಹ ಒಡೆಯದ ರೊಟ್ಟಿ. ಈ ರೊಟ್ಟಿಯ ಪರಿಚಯ ನನಗೆ ಚೆನ್ನಾಗಿಯೇ ಇತ್ತು. ದಿನಾ ಮಧ್ಯಾಹ್ನ ಮೂಲೆಯ ಮೇಜಿನಲ್ಲಿ ಕುಳಿತು ಮೂರು ತಿನ್ನುತ್ತಿದ್ದೆ. ಅಷ್ಟೇ ಅಲ್ಲ, ಸಂಜೆ ಮನೆಗೆ ಹೋಗಿ, "ಬಂಡೆಪ್ಪನ ಹೆಂಡತಿ ರೊಟ್ಟಿ ಬಡಿಯೋದು ಒಮ್ಮೆ ನೋಡು. ಹೋಗಿ ಕಲತು ಬಾ," ಎಂದು ವಿದ್ಯಾವತಿಗೆ ಉಪದೇಶ ಬೇರೆ ಮಾಡುತ್ತಿದ್ದೆ. ಅವಳು, "ಹೌದೇನ್ರಿ?" ಎಂದು ನಗುತ್ತಿದ್ದಳು.

"ಇದು ನಿನ್ನ ಹೆಂಡತಿ ಮಾಡೋದಲ್ಲೇನು?" ಎಂದೆ, ನನ್ನ ದನಿ ನನಗೇ ಕೇಳದಂತೆ.

"ಆಕೀಗಿ ರೊಟ್ಟಿ ಎಲ್ಲಿ ಬರ್ತಾವ್ರಿ?" ಎಂದ ಬಂಡೆಪ್ಪ. "ಇವು ವಿದ್ಯಾವತಿ ಅಕ್ಕಾರವು. ನಿಮ್ಮ ಮನಿವು. ನಿಮಗ ಗೊತ್ತಿಲ್ಲ?"

ಏಜಾಜ್ ಆಕಾಶ ನೋಡುತ್ತ ನಿಂತ. ನಾನು ಎಷ್ಟು ಬೇಡಿಕೊಂಡರೂ ಬಂಡೆಪ್ಪ ಆ ದಿನ ರೊಟ್ಟಿ ಇಳಿಸಿಕೊಳ್ಳಲಿಲ್ಲ. "ಬ್ಯಾಡ್ರಿ. ಉಣ್ಣವ್ರೆಲ್ಲ ಓಡಿ ಹೋದ್ರು. ಯಾರಿಗಿ ಹಾಕ್ಲಿ? ನಿಮ್ಮ ವಿಚಾರಣೆ ಮುಗೀಲಿ, ನಾಳಿ ನೋಡೋಣ." ನಾಲ್ಕು ಗಂಟುಗಳೂ ನನ್ನ ಜೊತೆಗೆ ಬಸವಕಲ್ಯಾಣಕ್ಕೆ ವಾಪಸ್ಸು ಹೊರಟವು. ದಾರಿಯುದ್ದಕ್ಕೂ ಅವು ಆರುತ್ತಿದ್ದವು, ನಾನೂ ಆರುತ್ತಿದ್ದೆ.

ನಮ್ಮದೇ ಮನೆಯ ಮಹಡಿಯ ಮೆಟ್ಟಿಲನ್ನು ಹಗಲಿನಲ್ಲಿ ನಾನು ಹತ್ತಿದ್ದು ಅದೇ ಮೊದಲು. ಮೇಲಿನ ಕೋಣೆಗಳನ್ನು ಯಾರಿಗೋ ಬಾಡಿಗೆಗೆ ಕೊಟ್ಟಿದ್ದೇವೆ ಎಂದು ತಿಳಿದಿದ್ದೆ. ಬಾಡಿಗೆದಾರರ ಮುಖ ನೋಡಿರಲಿಲ್ಲ, ಏಕೆಂದರೆ ನಾನು ಹಗಲು ಮನೆಯಲ್ಲಿರುವ ಭಾನುವಾರ ಅವರಿಗೆ ರಜೆ. ಎಂಟು ಒಲೆ, ಹಿಟ್ಟಿನ ಗುಡ್ಡೆ, ಎಂಟು ಜನ ಹೆಂಗಸರು. ನಡುವೆ ಕೈತುಂಬ ಹಿಟ್ಟು ಮಾಡಿಕೊಂಡು ವಿದ್ಯಾವತಿ. ಸುದ್ದಿ ಫೋನಿನಲ್ಲಿ ಮೊದಲೇ ಬಂದಿತ್ತು.

"ಇವ್ರೇನು ಅಕ್ಕಾ ನಿಮ್ಮ ಯಜಮಾನ್ರು?" ಎಂದಳು ಅವರಲ್ಲೊಬ್ಬಳಾದ ಧೂಳಮ್ಮ, ನನ್ನನ್ನು ಮೇಲಿಂದ ಕೆಳಗೆ ನೋಡಿ. "ದೊಡ್ಡ ಮನಷ್ಯಾರು ಅನ್ಕೊಂಡಿದ್ದೆ."

"ದೊಡ್ಡವ್ರೇ. ನಾನೂರು ರೊಟ್ಟಿ ಒಬ್ರೇ ವಾಪಸ್ ತಂದಾರಲ್ಲ," ಎಂದಳು ಪಕ್ಕದ ಮುಕ್ತಾಬಾಯಿ.

ನಾನು ಉಳಿದ ಗತ್ತನ್ನೆಲ್ಲ ಒಟ್ಟುಗೂಡಿಸಿಕೊಂಡು ಹೇಳಿದೆ, "ವಿದ್ಯಾ, ನಾನು ಸರಕಾರಿ ನೌಕರ. ಇದೆಲ್ಲಾ ಆಸ್ತಿ ವಿವರದಾಗ ಬರೀಬೇಕಾಗ್ತದ. ನನ್ನ ನೌಕರಿ ಹೋದ್ರ?"

ವಿದ್ಯಾವತಿ ಕೈ ಒರೆಸಿಕೊಂಡು ಗೂಡಿನಿಂದ ಒಂದು ಫೈಲು ತೆಗೆದು ನನ್ನ ಮುಂದಿಟ್ಟಳು. ವಿದ್ಯಾವತಿ ಅಧ್ಯಕ್ಷೆಯಾಗಿರುವ ಮಹಿಳಾ ಸಂಘದ ನೋಂದಣಿ, ಬ್ಯಾಂಕಿನ ಪಾಸ್‌ಬುಕ್ಕು, ಮಹಡಿ ಕಟ್ಟಿದ ಖರ್ಚು, ಫ್ರಿಜ್ಜಿನ ರಸೀದಿ, ಕಂಪ್ಯೂಟರಿನ ರಸೀದಿ. ನನ್ನ ಇಪ್ಪತ್ತಾರು ವರ್ಷದ ಸೇವೆಯಲ್ಲಿ ಇಷ್ಟು ಅಚ್ಚುಕಟ್ಟಾದ ಫೈಲು ನೋಡಿರಲಿಲ್ಲ. ಕೊನೆಯಲ್ಲಿ ನಾನೇ ಕೊಟ್ಟ ಆಸ್ತಿ ವಿವರದ ನಕಲುಗಳು, ನಾಲ್ಕು ವರ್ಷದವು. ಹೆಂಡತಿಯ ಆದಾಯ ಎಂಬ ಜಾಗದಲ್ಲಿ ಎಲ್ಲವೂ ಸರಿಯಾಗಿ ತುಂಬಿತ್ತು. ಅಕ್ಷರ ಜಯಮಾಲಾಳದು. ಕೆಳಗಿನ ಸಹಿ ನನ್ನದು.

"ನಾ ಇದನ್ನ ಓದೇ ಇಲ್ಲ," ಎಂದೆ.

"ಗೊತ್ತದ. ಮಗಳು ಬರದು ಕೊಟ್ಳು, ನೀವು ಪೇಪರ್ ಓದಕೋತ ಸಹಿ ಹಾಕಿದ್ರಿ."

"ಆದ್ರೂ ನನಗ ಬಾಯಿ ಬಿಟ್ಟು ಹೇಳಬಾರ್ದೇನು?"

"ಹೇಳೀನಲ್ರಿ, ನಾಕು ಸಲ. ಹೂಂ ಅಂದ್ರಿ." ಅವಳು ಮತ್ತೆ ಹಿಟ್ಟಿನ ಮುಂದೆ ಕುಳಿತಳು. "ಆ ಪರದೇಶಿ ಮನಷ್ಯಾಗ ಎಂಟು ದಿನ ಕೂತು ಕೇಳಿದ್ರಿ, ರೊಕ್ಕ ಎಲ್ಲಿಂದ ಬಂತು ಅಂತ. ನನಗ ಒಂದು ದಿನಾನೂ ಕೇಳ್ಲಿಲ್ಲ."

ಧೂಳಮ್ಮ ಸಂಘದ ಪುಸ್ತಕ ತೆರೆದು, ಅದರಲ್ಲಿ ಏನೋ ಬರೆದು, ಪೆನ್ನಿನ ಸಮೇತ ನನ್ನ ಕಡೆ ದೂಡಿದಳು. "ಇಲ್ಲೊಂದು ಸಹಿ ಹಾಕ್ರಿ."

ಈ ಸಲ ಕನ್ನಡಕ ಹಾಕಿಕೊಂಡು, ಒಂದಕ್ಷರ ಬಿಡದೆ ಓದಿದೆ: "ಇಂದು ನಾನೂರು ರೊಟ್ಟಿ ವಾಪಸ್ಸು. ಕಾರಣ: ಅಧ್ಯಕ್ಷರ ಗಂಡ."

ಆಕ್ಷೇಪಣೆ ಎತ್ತಲು ಎಲ್ಲಿಯೂ ಜಾಗವಿರಲಿಲ್ಲ. ಸಹಿ ಹಾಕಿದೆ.