ಕಂಬಳಿಯೊಳಗೆ ಹೊಳೆದ ಕಲ್ಲು

ಆ ಕಲ್ಲನ್ನು ನಾನು ನೆಕ್ಕಿದೆನೋ ಇಲ್ಲವೋ ಎಂಬುದು ಇಂದಿಗೂ ನನಗೆ ಖಚಿತವಿಲ್ಲ. ಮೂಗಿನ ಹತ್ತಿರ ತಂದದ್ದು ನೆನಪಿದೆ, ಅಷ್ಟೇ. ಹೆಂಡತಿಯ ತಮ್ಮ ಸೀನ ಮಾತ್ರ "ಐಸ್ ಕ್ಯಾಂಡಿ ನೆಕ್ಕಿದಂಗೆ ನೆಕ್ಕಿದ್ರು" ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಾನೆ. ಹಾಗೆ ನೋಡಿದರೆ ನೆಕ್ಕುವುದು ತಪ್ಪೇನಲ್ಲ. ಭೂವಿಜ್ಞಾನದ ಎಂ.ಎಸ್ಸಿ. ಓದುವಾಗ ನಮ್ಮ ಮೇಷ್ಟ್ರೇ ನೆಕ್ಕಿ ತೋರಿಸುತ್ತಿದ್ದರು. ಒದ್ದೆಯಾದ ಕಲ್ಲಿನ ಬಣ್ಣ ಚೆನ್ನಾಗಿ ಕಾಣುತ್ತದೆ. ಕಂಡದ್ದನ್ನೆಲ್ಲ ನಂಬಬೇಡಿ, ಪರೀಕ್ಷಿಸಿ ಎಂದೂ ಅವರೇ ಕಲಿಸಿದ್ದು. ಅದನ್ನು ನಾನು ಎಷ್ಟು ಮನಸ್ಸಿಗೆ ಹಚ್ಚಿಕೊಂಡೆನೆಂದರೆ, ನರಸಾಪುರದ ಕಂಪನಿ ಬಸ್ಸು ಹಾರ್ನ್ ಹೊಡೆಯುತ್ತಿರುವಾಗಲೂ, ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಮನೆಗೆ ವಾಪಸು ಓಡುವವನು ನಾನು.

ಕೋಲಾರದ ನಮ್ಮ ಮನೆಯಲ್ಲಿ ಒಂದು ಗಾಜಿನ ಶೋಕೇಸಿದೆ. ಅದರ ತುಂಬ ನಾನು ಕೂಡಿಟ್ಟ ಕಲ್ಲುಗಳು. ಅಭ್ರಕ, ಬೆಣಚುಕಲ್ಲು, ಇನ್ನಷ್ಟು ಬೆಣಚುಕಲ್ಲು. ಅಪರೂಪದ್ದು ಒಂದೂ ಇಲ್ಲ. ಹೆಂಡತಿ ಶಾರದೆ ಒಂದು ದಿನ ತೀರ್ಪು ಕೊಟ್ಟಳು: "ರೀ, ಈ ಸಲ ಅಮ್ಮನ ಮನೆಗೆ ಹೋದಾಗ ನಾಲ್ಕು ಜನ ನಿಂತು ನೋಡೋ ಅಂಥ ಕಲ್ಲು ಒಂದಾದ್ರೂ ಹುಡುಕಿ. ಇಲ್ದಿದ್ರೆ ಈ ಜಲ್ಲಿಯೆಲ್ಲ ಟೆರೇಸಿಗೆ, ಶೋಕೇಸು ನನ್ನ ಪಿಂಗಾಣಿ ಬಟ್ಟಲಿಗೆ." ನಾನು ಧೈರ್ಯವಾಗಿ ಒಪ್ಪಿದೆ. ನನ್ನ ತಲೆಯಲ್ಲಿದ್ದದ್ದು ಷೀಲೈಟ್. ನಮ್ಮ ಕೋಲಾರದ ಚಿನ್ನದ ಬಂಡೆಗಳಿಗೆ ನೆಂಟನಾದ ಖನಿಜ ಅದು. ನೋಡಲು ಮಾಸಲು ಬಿಳುಪು, ಹಿಡಿದರೆ ಗಾತ್ರಕ್ಕೆ ಮೀರಿದ ಭಾರ. ಕತ್ತಲಲ್ಲಿ ನೇರಳಾತೀತ ಬೆಳಕು ಬಿಟ್ಟರೆ ನೀಲಿಯಾಗಿ ಹೊಳೆಯುತ್ತದೆ. ಬೆಳಕಿಗೆಂದು, ಅಂಗಡಿಯವರು ಖೋಟಾ ನೋಟು ನೋಡಲು ಬಳಸುವ ಪುಟ್ಟ ಟಾರ್ಚು ತಂದೆ. ಕತ್ತಲಿಗೆಂದು ಅತ್ತೆಯ ಮನೆಯ ಕಂಬಳಿ ಸಾಕು.

ಅತ್ತೆಯ ಮನೆ ಗೌನಿಪಲ್ಲಿಯ ಹತ್ತಿರ, ಮಾವಿನ ತೋಟದೊಳಗೆ. ಚಿನ್ನದ ಬಂಡೆಗಳು ಅಲ್ಲಿಯತನಕ ಬಂದಿವೆಯೇ ಎಂಬ ಅನುಮಾನವಿತ್ತು. ಅತ್ತೆಯ ಮನೆಯ ಊಟದ ಮುಂದೆ ಅದು ನಿಲ್ಲಲಿಲ್ಲ. ಮಟಮಟ ಮಧ್ಯಾಹ್ನ ಸೀನನೂ ನಾನೂ ಕಂಬಳಿ ಹೊದ್ದು ಕೂತು, ಆಯ್ದು ತಂದ ಕಲ್ಲುಗಳಿಗೆ ಟಾರ್ಚು ಬಿಡತೊಡಗಿದೆವು. ಹೊಳೆಯದ್ದನ್ನು ಬೇಲಿಯಾಚೆಗೆ ಎಸೆಯುವುದು, ಮತ್ತೆ ಕಂಬಳಿಯೊಳಗೆ ತೂರುವುದು.

"ಭಾವ, ಉಸಿರು ಕಟ್ತಾ ಐತೆ. ಒಂಚೂರು ಎತ್ತಲಾ?"

"ಎತ್ತಬೇಡ ಕಣೋ, ಬೆಳಕು ಬರುತ್ತೆ."

ದಾರಿಯಲ್ಲಿ ಹೋಗುತ್ತಿದ್ದ ಯಾರೋ ನಿಂತು ಕೇಳಿದರು: "ಏನ್ಲಾ ಸೀನ, ನಿಮ್ ಭಾವಂಗೆ ಚಳಿಜ್ವರಾನಾ?"

"ಇಲ್ಲ ಕಣಣ್ಣ, ಕಲ್ಲಿಗೆ ಆವಿ ಕೊಡ್ತಾವ್ರೆ!"

ಕೊನೆಗೆ ನೀರಿನ ತೊಟ್ಟಿಯ ಪಕ್ಕದಲ್ಲಿ ಬಿದ್ದಿದ್ದ ಒಂದು ಮಾಸಲು ಬಿಳಿ ಕಲ್ಲನ್ನು ಎತ್ತಿ ತಂದೆ. ಟಾರ್ಚು ಬಿಟ್ಟರೆ, ಕಂಬಳಿಯೊಳಗೆ ನೀಲಿ ಬೆಳಕು! "ಬಾವಾ, ವೆಲುಗುತಾ ಉಂದಿ!" ಎಂದು ಸೀನ ಕಿರುಚಿದ, 'ಹೊಳೀತಾ ಐತೆ' ಅನ್ನುವುದಕ್ಕೂ ಖುಷಿಯಾದಾಗ ಅವನಿಗೆ ಬರುವುದು ತೆಲುಗೇ. ಕಲ್ಲು ಭಾರವೆನಿಸಬೇಕಿತ್ತು, ಎನಿಸಲಿಲ್ಲ. ಸಂತೋಷದಲ್ಲಿ ನನ್ನ ಕೈಗೇ ಬಲ ಬಂದಿರಬೇಕೆಂದು ವೈಜ್ಞಾನಿಕವಾಗಿ ಸಮಾಧಾನ ಮಾಡಿಕೊಂಡೆ. ಆ ನೆಕ್ಕಿದ, ಅಥವಾ ನೆಕ್ಕದ, ಪ್ರಸಂಗ ನಡೆದದ್ದು ಇಲ್ಲೇ.

ಕಲ್ಲನ್ನು ಟವೆಲಿನಲ್ಲಿ ಸುತ್ತಿ ಅತ್ತೆಯ ಮನೆಯೊಳಗೆ ತಂದು, ಶಾರದೆಯ ತಲೆಯ ಮೇಲೂ ಕಂಬಳಿ ಹಾಕಿ ತೋರಿಸಿದೆ. ಅವಳು ಒಳಗಿನಿಂದಲೇ "ಪರವಾಗಿಲ್ವೇ!" ಎಂದಳು. ಶೋಕೇಸು ಉಳಿಯಿತು ಎಂದುಕೊಳ್ಳುವಷ್ಟರಲ್ಲಿ ಹಿತ್ತಲಿನಿಂದ ಅತ್ತೆಯ ದನಿ ಬಂತು. "ಲೇ ಸೀನಾ, ತೊಟ್ಟಿ ಹತ್ರ ಇಟ್ಟಿದ್ದ ನನ್ ಹಿಮ್ಮಡಿ ಉಜ್ಜೋ ಕಲ್ಲು ಯಾರ್ಲಾ ತಗೊಂಡಿದ್ದು?" ಒಳಗೆ ಬಂದವರು ನನ್ನ ಕೈ ನೋಡಿ ಪಾಪ ನಾಚಿಕೊಂಡರು. "ಅಯ್ಯೋ, ಅಳಿಯಂದ್ರಾ! ಹಿಮ್ಮಡಿ ಒಡೆದೈತಾ? ಹೇಳಿದ್ರೆ ತೊಳೆದು ಕೊಡ್ತಿದ್ನಲ್ಲಾ. ಬರೀ ಸೋಪಿನಪುಡಿ ಮೆತ್ಕೊಂಡೈತೆ."

ಬಟ್ಟೆ ಬೆಳ್ಳಗೆ ಕಾಣಲೆಂದು ಸೋಪಿನ ಪುಡಿಗೆ ಬೆರೆಸುವ ಪದಾರ್ಥವೂ ಆ ಬೆಳಕಿಗೆ ನೀಲಿಯಾಗಿಯೇ ಹೊಳೆಯುತ್ತದೆಂದು ನನಗೆ ಆಗ ಹೊಳೆಯಿತು. ಶಾರದೆ ಕಂಬಳಿ ತೆಗೆಯದೆಯೇ ನಗುತ್ತಿದ್ದಳು, ಕಂಬಳಿಯೇ ಕುಲುಕುತ್ತಿತ್ತು. "ಅಮ್ಮಾ, ಭಾವ ಅದನ್ನ ನೆಕ್ಕಿದ್ರು" ಎಂದ ಸೀನ. ಅತ್ತೆ ಒಳಗೆ ಹೋಗಿ, ಬಾಯಿ ಮುಕ್ಕಳಿಸಲು ಒಂದು ಚೊಂಬು ನೀರು ತಂದುಕೊಟ್ಟರು.

ಈಗ ಶೋಕೇಸಿನಲ್ಲಿ ಪಿಂಗಾಣಿ ಬಟ್ಟಲುಗಳಿವೆ, ಚೆನ್ನಾಗಿಯೇ ಕಾಣುತ್ತವೆ. ಆದರೂ ನನ್ನ ಮನಸ್ಸು ಸುಮ್ಮನಿರಬೇಕಲ್ಲ. ಮಾಲೂರಿನ ಪರಿಚಯದವರೊಬ್ಬರ ಸಂಗ್ರಹದಲ್ಲಿ ಅಸಲಿ ಷೀಲೈಟ್ ಇದೆಯೆಂದು ಕೇಳಿ ಟಾರ್ಚಿನ ಸಮೇತ ಅಲ್ಲಿಗೆ ಹೋದೆ. ಅವರ ಬಚ್ಚಲಮನೆಯ ಬಾಗಿಲು ಮುಚ್ಚಿ ಬೆಳಕು ಬಿಟ್ಟರೆ, ನನ್ನ ಕರ್ಚೀಫು ಜಗಮಗಿಸಿತು, ಷೀಲೈಟ್ ಇದ್ದಿಲಿನ ಹಾಗೆ ಕೂತಿತ್ತು. "ಇದಕ್ಕೆ ಬೇರೆ ಲ್ಯಾಂಪ್ ಬೇಕು ಸಾರ್, ನೋಟಿನ ಟಾರ್ಚು ನಡೆಯಲ್ಲ" ಎಂದರು ಅವರು. ಎಂ.ಎಸ್ಸಿ.ಯಲ್ಲಿ ಇದನ್ನು ನಾನು ಓದಿದ್ದೆನೋ ಇಲ್ಲವೋ, ನೆನಪಿಲ್ಲ. ಅಂದು ಹೊಳೆಯಲಿಲ್ಲವೆಂದು ಬೇಲಿಯಾಚೆಗೆ ಎಸೆದ ಕಲ್ಲುಗಳಲ್ಲಿ ಏನೇನಿತ್ತೋ, ಅದೂ ಗೊತ್ತಿಲ್ಲ. ನನ್ನ ಟಾರ್ಚಿಗೆ ನಿಜವಾದ ಷೀಲೈಟ್ ಹೊಳೆಯುವುದಿಲ್ಲ ಎಂಬುದೊಂದು ಮಾತ್ರ ಸತ್ಯ. ಬಚ್ಚಲಮನೆಯ ಬಾಗಿಲು ತೆಗೆದು ಹೊರಗೆ ಬಂದವನು ಮತ್ತೆ ಒಳಗೆ ಹೋಗಿ ಇನ್ನೊಮ್ಮೆ ಟಾರ್ಚು ಬಿಟ್ಟು ನೋಡಿದ್ದೇನೆ.